ಕುದುರೆಗೂದಲಿನ ಸಾಕ್ಷಿ

ಅಮೈನೋ ಆಮ್ಲಗಳು ಒಂದರ ಹಿಂದೊಂದು ಪೋಣಿಸಿಕೊಂಡು ಉದ್ದನೆಯ ಸರಪಳಿಯಾಗುವುದು ಪ್ರೋಟೀನಿನ ಮೊದಲ ಹಂತದ ರಚನೆ. ಆ ಸರಪಳಿ ಕೆಲವೆಡೆ ಸುರುಳಿ ಸುತ್ತಿಕೊಳ್ಳುತ್ತದೆ, ಕೆಲವೆಡೆ ಅಕ್ಕಪಕ್ಕ ಹಾಸಿಕೊಂಡು ನೆರಿಗೆ ಹಿಡಿದ ಹಾಳೆಯಾಗುತ್ತದೆ. ಇದಕ್ಕೆ ದ್ವಿತೀಯಕ ರಚನೆ ಎಂದು ಹೆಸರು. ಪಿಯುಸಿ ಪಠ್ಯದಲ್ಲಿ ಇದಕ್ಕೆ ಅರ್ಧ ಪುಟ ಸಿಗುತ್ತದೆ. ಜೊತೆಗೆ ಆಲ್ಫಾ ಸುರುಳಿಯದೊಂದು ಚಿತ್ರ, ಬೀಟಾ ಹಾಳೆಯದೊಂದು ಚಿತ್ರ. ಅಲ್ಲಿಂದ ಪಾಠ ನೇರವಾಗಿ ಕಿಣ್ವಗಳತ್ತ, ರಕ್ತದ ಹಿಮೋಗ್ಲೋಬಿನ್ ಕಡೆಗೆ ಹೊರಳುತ್ತದೆ. ಓದಿದವರಿಗೆ ಈ ತಿಳಿವಳಿಕೆಯೆಲ್ಲ ಜೀವರಸಾಯನಶಾಸ್ತ್ರಜ್ಞರ ಗಾಜಿನ ಕೊಳವೆಗಳಲ್ಲೇ ಹುಟ್ಟಿರಬೇಕು ಅನ್ನಿಸಿದರೆ ತಪ್ಪಲ್ಲ. ಆದರೆ 1920ರಿಂದ 1963ರವರೆಗಿನ ದಾಖಲೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಎದುರಾಗುವ ಸರಕೇ ಬೇರೆ: ರೇಷ್ಮೆ, ಕುರಿಯ ಉಣ್ಣೆ, ಮನುಷ್ಯರ ಕೂದಲು, ಕುದುರೆಯ ಬಾಲ, ಮುಳ್ಳುಹಂದಿಯ ಮುಳ್ಳು, ಚರ್ಮ, ಕೊನೆಗೆ ಕಡಲೆಕಾಯಿ ಹಿಂಡಿ. ಪ್ರೋಟೀನಿನ ಸರಪಳಿ ಯಾವ ಆಕಾರ ಪಡೆಯುತ್ತದೆ ಎಂಬ ಪ್ರಶ್ನೆಯನ್ನು ಮೊದಲು ಗಂಭೀರವಾಗಿ ಎತ್ತಿದ್ದು ಎಳೆ ಮತ್ತು ತೊಗಲಿನ ವ್ಯಾಪಾರ. ಆ ಪ್ರಶ್ನೆಗೆ ಉತ್ತರ ಹುಡುಕಿದವರನ್ನು ಹದಿನೈದು ವರ್ಷ ದಾರಿ ತಪ್ಪಿಸಿದ್ದೂ, ಕೊನೆಗೆ ಸರಿ ಯಾವುದು ತಪ್ಪು ಯಾವುದು ಎಂದು ತೀರ್ಪು ಕೊಟ್ಟದ್ದೂ ಅದೇ ಸರಕು. ನನ್ನ ವಾದ ಇಷ್ಟೇ. ಇದಕ್ಕೆ ಬಲವಾದ ಆಕ್ಷೇಪಗಳಿವೆ, ಅವುಗಳ ಹತ್ತಿರ ಬರುತ್ತೇನೆ.

ಮೊದಲ ಮಹಾಯುದ್ಧ ಮುಗಿದ ಮೇಲೆ ಬರ್ಲಿನ್ನಿನ ಡಾಲೆಮ್ ಬಡಾವಣೆಯಲ್ಲಿ ಜರ್ಮನರು ಎಳೆಗಳ ರಸಾಯನಶಾಸ್ತ್ರಕ್ಕೆಂದೇ ಒಂದು ಕೈಸರ್ ವಿಲ್‌ಹೆಲ್ಮ್ ಸಂಸ್ಥೆಯನ್ನು ತೆರೆದರು. ಅಲ್ಲಿ ಹೆರ್ಜೋಗ್ ಮತ್ತು ಯಾಂಕೆ 1920ರಲ್ಲಿ ರೇಷ್ಮೆ ಎಳೆಗಳ ಮೂಲಕ ಎಕ್ಸ್-ಕಿರಣ ಹಾಯಿಸಿದಾಗ ಫಿಲ್ಮಿನ ಮೇಲೆ ಕ್ರಮಬದ್ಧವಾದ ಚುಕ್ಕೆಗಳು ಮೂಡಿದವು. ಉಪ್ಪಿನ ಹರಳು, ವಜ್ರ ಮುಂತಾದವು ಕೊಡಬೇಕಾದ ಗುರುತನ್ನು ಒಂದು ಹುಳು ಉಗುಳಿದ ದಾರ ಕೊಟ್ಟಿತ್ತು. ಎಂದರೆ ಎಳೆಯೊಳಗೆ ಅಣುಗಳು ಮನಬಂದಂತೆ ಬಿದ್ದಿಲ್ಲ, ಒಂದೇ ವಿನ್ಯಾಸ ಮತ್ತೆ ಮತ್ತೆ ಮರುಕಳಿಸುತ್ತಿದೆ. 1928ರ ಹೊತ್ತಿಗೆ ಮೇಯರ್ ಮತ್ತು ಮಾರ್ಕ್ ರೇಷ್ಮೆಯಲ್ಲಿ ಪ್ರೋಟೀನಿನ ಸರಪಳಿಗಳು ಹೆಚ್ಚುಕಡಿಮೆ ಪೂರ್ತಿ ಚಾಚಿಕೊಂಡು ಒಂದರ ಪಕ್ಕ ಒಂದು ಮಲಗಿವೆ ಎಂಬ ಚಿತ್ರ ಕೊಟ್ಟಿದ್ದರು. ರಾಮನಗರದ ಗೂಡಿನ ಮಾರುಕಟ್ಟೆಗೆ ದಿನವೂ ಬರುವ ರೇಷ್ಮೆಯದೂ ಇದೇ ಜಾತಿ, ಇದೇ ಚಿತ್ರ. ಆದರೆ ರೇಷ್ಮೆ ಪ್ರಶ್ನೆಯ ಸುಲಭದ ತುದಿ. ಚಾಚಿಕೊಂಡ ಸರಪಳಿಯನ್ನು ಊಹಿಸುವುದು ಕಷ್ಟವಲ್ಲ. ಕಷ್ಟ ಕೊಟ್ಟದ್ದು ಉಣ್ಣೆ.

ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಲೀಡ್ಸ್ ಪಟ್ಟಣ ಉಣ್ಣೆ ಗಿರಣಿಗಳ ಊರು. ಅಲ್ಲಿನ ವಿಶ್ವವಿದ್ಯಾಲಯದ ಜವಳಿ ವಿಭಾಗವನ್ನು ಬೆಳೆಸಿದ್ದು ಲಂಡನ್ನಿನ ಹಳೆಯ ಬಟ್ಟೆ ವರ್ತಕರ ಸಂಘದ ದುಡ್ಡು. 1928ರಲ್ಲಿ ಆ ವಿಭಾಗಕ್ಕೆ ಜವಳಿ ಭೌತಶಾಸ್ತ್ರದ ಉಪನ್ಯಾಸಕರಾಗಿ ವಿಲಿಯಂ ಆಸ್ಟ್‌ಬರಿ ಬಂದರು. ಕುಂಬಾರಿಕೆಗೆ ಹೆಸರಾದ ಸ್ಟಾಫರ್ಡ್‌ಶೈರಿನ ಲಾಂಗ್ಟನ್‌ನಲ್ಲಿ ಪಿಂಗಾಣಿ ಕೆಲಸಗಾರನೊಬ್ಬನ ಮಗನಾಗಿ ಹುಟ್ಟಿ, ವಿದ್ಯಾರ್ಥಿವೇತನದಿಂದ ಕೇಂಬ್ರಿಜ್‌ನಲ್ಲಿ ಓದಿ, ಹಿರಿಯ ಬ್ರಾಗ್ ಅವರ ಕೈಕೆಳಗೆ ಹರಳುಗಳ ಎಕ್ಸ್-ಕಿರಣ ವಿದ್ಯೆ ಕಲಿತವರು ಅವರು. ರಾಯಲ್ ಇನ್‌ಸ್ಟಿಟ್ಯೂಷನ್ನಿನ ಒಂದು ಉಪನ್ಯಾಸಕ್ಕೆ ಉಣ್ಣೆ ಕೂದಲುಗಳ ಚಿತ್ರ ಬೇಕೆಂದು ಬ್ರಾಗ್ ಕೇಳಿದ್ದೇ ಅವರನ್ನು ಈ ದಾರಿಗೆ ಎಳೆದಿತ್ತು. ಲೀಡ್ಸ್‌ನಲ್ಲಿ ಅವರಿಗೆ ಎದುರಾದ ಪ್ರಶ್ನೆ ಗಿರಣಿಯವರದು: ಹತ್ತಿ ದಾರ ಹಿಗ್ಗುವುದಿಲ್ಲ, ರೇಷ್ಮೆಯೂ ಅಷ್ಟಾಗಿ ಹಿಗ್ಗುವುದಿಲ್ಲ, ಉಣ್ಣೆ ಮಾತ್ರ ಎಳೆದಷ್ಟೂ ಬಂದು ಬಿಟ್ಟೊಡನೆ ಯಾಕೆ ಕುಗ್ಗುತ್ತದೆ? ಹಬೆಯಲ್ಲಿ ಹಿಡಿದು ಎಳೆದರೆ ಉಣ್ಣೆಯ ಎಳೆ ತನ್ನ ಉದ್ದದ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಹಾಗೆಯೇ ಬಹಳ ಹೊತ್ತು ಹಿಡಿದಿಟ್ಟರೆ ಆ ಉದ್ದದಲ್ಲೇ ನಿಂತುಬಿಡುತ್ತದೆ. ಬಟ್ಟೆಯ ಮಡಿಕೆ ನಿಲ್ಲುವುದು, ಆ ಕಾಲದ ಹೆಂಗಸರು ಸಲೂನಿನಲ್ಲಿ ಹಾಕಿಸಿಕೊಳ್ಳುತ್ತಿದ್ದ ಅಲೆಗೂದಲು ನಿಲ್ಲುವುದು, ಎರಡಕ್ಕೂ ಒಳಗಿನ ಕಾರಣ ಇದರಲ್ಲೇ ಇತ್ತು.

ಆಸ್ಟ್‌ಬರಿ ಮಾಡಿದ್ದು ನೇರವಾದ ಕೆಲಸ. ಸುಮ್ಮನಿದ್ದ ಎಳೆಗೂ ಎಳೆದು ಹಿಡಿದ ಎಳೆಗೂ ಬೇರೆ ಬೇರೆ ಚಿತ್ರ ತೆಗೆದರು. ಎರಡೂ ಹೋಲಲಿಲ್ಲ. ಸುಮ್ಮನಿದ್ದ ಉಣ್ಣೆಯಲ್ಲಿ ಎಳೆಯ ಉದ್ದಕ್ಕೆ 5.1 ಆಂಗ್‌ಸ್ಟ್ರಾಮಿಗೊಮ್ಮೆ ಏನೋ ಮರುಕಳಿಸುತ್ತಿತ್ತು. ಎಳೆದ ಉಣ್ಣೆಯಲ್ಲಿ ಆ ಗುರುತು ಮಾಯವಾಗಿ ರೇಷ್ಮೆಯನ್ನು ಹೋಲುವ, ಸುಮಾರು 3.3 ಆಂಗ್‌ಸ್ಟ್ರಾಮಿನ ಇನ್ನೊಂದು ಗುರುತು ಬರುತ್ತಿತ್ತು. ಮೊದಲನೆಯದಕ್ಕೆ ಆಲ್ಫಾ, ಎರಡನೆಯದಕ್ಕೆ ಬೀಟಾ ಎಂದು ಹೆಸರಿಟ್ಟು 1931ರಿಂದ ಸರಣಿ ಲೇಖನಗಳಲ್ಲಿ ಪ್ರಕಟಿಸಿದರು. ಇಂದಿನ ಪಠ್ಯದ ಆಲ್ಫಾ, ಬೀಟಾಗಳು ಗಿರಣಿ ಊರಿನ ಈ ಎರಡು ಫಿಲ್ಮುಗಳಿಂದ ಬಂದವು ಎಂಬುದನ್ನು ಎಷ್ಟು ಪುಸ್ತಕಗಳು ಹೇಳುತ್ತವೆ? ಅವರ ವ್ಯಾಖ್ಯಾನ ಇನ್ನೂ ಮುಖ್ಯ. ಉಣ್ಣೆಯ ಪ್ರೋಟೀನು ಸರಪಳಿ ಸಹಜ ಸ್ಥಿತಿಯಲ್ಲಿ ಮಡಚಿಕೊಂಡಿರುತ್ತದೆ, ಎಳೆದಾಗ ಬಿಚ್ಚಿಕೊಳ್ಳುತ್ತದೆ, ಬಿಟ್ಟಾಗ ಮತ್ತೆ ಮಡಚಿಕೊಳ್ಳುತ್ತದೆ ಎಂದರು. ಒಂದು ವಸ್ತುವಿನ ಗುಣಕ್ಕೆ ಅದರ ಅಣುವಿನ ಮಡಿಕೆಯೇ ಕಾರಣ, ಮಡಿಕೆ ಬದಲಾದರೆ ಗುಣವೂ ಬದಲಾಗುತ್ತದೆ ಎಂಬ ಆಲೋಚನೆ ಪ್ರೋಟೀನುಗಳ ವಿಷಯದಲ್ಲಿ ಇಷ್ಟು ಸ್ಪಷ್ಟವಾಗಿ ಪ್ರಯೋಗಕ್ಕೆ ಇಳಿದದ್ದು ಇಲ್ಲಿ. ಅವರು ಬಿಡಿಸಿದ ಮಡಿಕೆಯ ಚಿತ್ರ ಮಾತ್ರ ತಪ್ಪಾಗಿತ್ತು. ಅಮೈನೋ ಆಮ್ಲಗಳ ಪಕ್ಕದ ಕವಲುಗಳಿಗೆ ಆ ಮಡಿಕೆಯಲ್ಲಿ ಜಾಗವೇ ಸಾಲದು ಎಂದು 1940ರಲ್ಲಿ ಹಾನ್ಸ್ ನಾಯ್ರಾತ್ ತೋರಿಸಿಕೊಟ್ಟರು.

ಇಲ್ಲಿಯೇ ಮೊದಲ ಆಕ್ಷೇಪ ಬರಬಹುದು. ಉಣ್ಣೆ, ಕೂದಲು ಸತ್ತ ಪದಾರ್ಥ; ಜೀವ ನಡೆಸುವ ಪ್ರೋಟೀನುಗಳು ಗುಂಡಗಿನವು, ನೀರಲ್ಲಿ ಕರಗುವಂಥವು; ಎಳೆಯ ಕತೆಯನ್ನು ಪ್ರೋಟೀನಿನ ಕತೆ ಅನ್ನುವುದು ಎಷ್ಟು ಸರಿ? ಆ ಗೋಡೆಯನ್ನು ಆಸ್ಟ್‌ಬರಿಯವರೇ ಒಡೆದಿದ್ದರು. 1935ರಲ್ಲಿ ಅವರೂ ಸಂಗಡಿಗರೂ ಬೇಯಿಸಿದ ಮೊಟ್ಟೆಯ ಬಿಳಿಯನ್ನು, ಬೀಜಗಳ ಪ್ರೋಟೀನುಗಳನ್ನು ಪರೀಕ್ಷಿಸಿದಾಗ ಕೆಟ್ಟುಹೋದ ಗುಂಡು ಪ್ರೋಟೀನು ಬೀಟಾ ಗುರುತನ್ನೇ ಕೊಟ್ಟಿತು. ಗುಂಡು ಪ್ರೋಟೀನು ಕೂಡ ಮಡಚಿದ ಸರಪಳಿಯೇ, ಬಿಸಿ ತಗುಲಿದರೆ ಬಿಚ್ಚಿಕೊಂಡು ಎಳೆಗಳ ದಾರಿ ಹಿಡಿಯುತ್ತದೆ ಎಂಬುದು ಇದರಿಂದ ಬಂದ ತೀರ್ಮಾನ. ಬಿಚ್ಚಿದ್ದನ್ನು ಸೂಕ್ಷ್ಮ ರಂಧ್ರಗಳಿಂದ ಹಿಂಡಿದರೆ ದಾರವಾಗಬೇಕಲ್ಲ ಎಂದು ಮುಂದಿನ ಹೆಜ್ಜೆಯನ್ನೂ ಇಟ್ಟರು. ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಕಂಪನಿ ಆ ಉಪಾಯವನ್ನು ಹಿಡಿದು ಕಡಲೆಕಾಯಿ ಪ್ರೋಟೀನಿನಿಂದ ಆರ್ಡಿಲ್ ಎಂಬ ಕೃತಕ ಉಣ್ಣೆ ತಯಾರಿಸಿತು. ಆಸ್ಟ್‌ಬರಿ ಅದರ ಕೋಟನ್ನು ಹೆಮ್ಮೆಯಿಂದ ಹಾಕಿಕೊಂಡು ಓಡಾಡುತ್ತಿದ್ದರು. ಎಣ್ಣೆ ತೆಗೆದು ಉಳಿದ ಹಿಂಡಿಯನ್ನು ದನಕ್ಕೆ ಹಾಕುವ ನಾಡಿನವರಿಗೆ ಅದೇ ಹಿಂಡಿಯಿಂದ ಕೋಟು ಹೊಲಿಸಿದರೆಂಬುದು ತಮಾಷೆಯಾಗಿ ಕಾಣಬಹುದು. ಸ್ಕಾಟ್ಲೆಂಡಿನ ಡಂಫ್ರೀಸ್‌ನ ಕಾರ್ಖಾನೆ 1957ರ ಹೊತ್ತಿಗೆ ಆರ್ಡಿಲ್ ತಯಾರಿಕೆ ನಿಲ್ಲಿಸಿತು; ದಾರ ಮೃದುವಾಗಿತ್ತು, ಒದ್ದೆಯಾದರೆ ಗಟ್ಟಿತನ ಸಾಲದಾಗಿತ್ತು. ನೈಲಾನಿನೆದುರು ಅದು ನಿಲ್ಲಲಿಲ್ಲ. ಆದರೆ ಗುಂಡು ಪ್ರೋಟೀನಿಗೂ ಎಳೆ ಪ್ರೋಟೀನಿಗೂ ಮೂಲದಲ್ಲಿ ಭೇದವಿಲ್ಲ ಎಂಬುದಕ್ಕೆ ಆ ಕೋಟಿಗಿಂತ ಕಣ್ಣಿಗೆ ಕಾಣುವ ಪುರಾವೆ ಇನ್ನೇನಿತ್ತು?

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಆಲ್ಫಾ ಸುರುಳಿಯನ್ನು ಕಂಡುಹಿಡಿದವರು ಲೀಡ್ಸ್‌ನವರಲ್ಲ, ಕ್ಯಾಲಿಫೋರ್ನಿಯಾದ ಲೈನಸ್ ಪಾಲಿಂಗ್. ಅವರಿಗೆ ಅದು ದಕ್ಕಿದ್ದು ಎಳೆಯ ಚಿತ್ರಗಳನ್ನು ಬದಿಗಿಟ್ಟು ಶುದ್ಧ ರಸಾಯನಶಾಸ್ತ್ರವನ್ನು ನಂಬಿದ್ದರಿಂದ. ಇದು ನಿಜ, ಅರ್ಧದಷ್ಟು. ಪಾಲಿಂಗ್ 1937ರಲ್ಲಿ ಆಸ್ಟ್‌ಬರಿಯ ಚಿತ್ರಗಳನ್ನೇ ಇಟ್ಟುಕೊಂಡು ಸರಪಳಿಯನ್ನು ಮಡಚಲು ನೋಡಿ ಸೋತಿದ್ದರು. 5.1ರ ಆ ಗುರುತಿಗೆ ಯಾವ ಮಡಿಕೆಯೂ ಹೊಂದಲಿಲ್ಲ. ಸೋತ ಮೇಲೆ ಅವರು ಹಿಡಿದ ದಾರಿ ನಿಧಾನದ್ದು: ಸಂಗಡಿಗ ರಾಬರ್ಟ್ ಕೋರಿ ಮುಂದಿನ ಹತ್ತು ವರ್ಷ ಗ್ಲೈಸೀನ್, ಅಲನೀನ್ ಮುಂತಾದ ಬಿಡಿ ಅಮೈನೋ ಆಮ್ಲಗಳ, ಚಿಕ್ಕ ಪೆಪ್ಟೈಡುಗಳ ಹರಳುಗಳನ್ನು ಅಳೆಯುತ್ತ ಕುಳಿತರು. ಅದರಿಂದ ಒಂದು ವಿಷಯ ಗಟ್ಟಿಯಾಯಿತು. ಎರಡು ಅಮೈನೋ ಆಮ್ಲಗಳನ್ನು ಬೆಸೆಯುವ ಪೆಪ್ಟೈಡ್ ಬಂಧ ತಿರುಚಿಕೊಳ್ಳುವುದಿಲ್ಲ. ಆ ಬಂಧದ ಸುತ್ತಲಿನ ಆರು ಪರಮಾಣುಗಳು ಒಂದೇ ಸಮತಲದಲ್ಲಿ ಚಪ್ಪಟೆಯಾಗಿ ಕೂರುತ್ತವೆ. ಸರಪಳಿ ತಿರುಗಬಹುದಾದದ್ದು ಈ ಚಪ್ಪಟೆ ತುಂಡುಗಳ ನಡುವಿನ ಕೀಲುಗಳಲ್ಲಿ ಮಾತ್ರ. 1948ರಲ್ಲಿ ಆಕ್ಸ್‌ಫರ್ಡಿಗೆ ಅತಿಥಿ ಪ್ರಾಧ್ಯಾಪಕರಾಗಿ ಹೋಗಿ ನೆಗಡಿ ಹಿಡಿದು ಹಾಸಿಗೆಯಲ್ಲಿದ್ದಾಗ ಪಾಲಿಂಗ್ ಕಾಗದದ ಮೇಲೆ ಸರಪಳಿ ಬಿಡಿಸಿ, ಕೀಲುಗಳಲ್ಲಿ ಮಡಚುತ್ತ ಹೋದರು. ಒಂದು ಸುತ್ತಿನ ಆಮ್ಲಜನಕ ಮುಂದಿನ ಸುತ್ತಿನ ಸಾರಜನಕದ ಮೇಲಿರುವ ಜಲಜನಕಕ್ಕೆ ಸರಿಯಾಗಿ ಎದುರು ಬರುವಂತೆ ಸುರುಳಿ ಕೂಡಿಕೊಂಡಿತು. ಸುತ್ತೊಂದಕ್ಕೆ ಸುಮಾರು 3.6 ಅಮೈನೋ ಆಮ್ಲ, ಸುತ್ತಿನ ಎತ್ತರ 5.4 ಆಂಗ್‌ಸ್ಟ್ರಾಮ್.

ಎಳೆಯನ್ನು ಬದಿಗಿಟ್ಟರು ಅನ್ನುವವರು ಮರೆಯುವುದು ಇದರ ನಂತರದ ಮೂರು ವರ್ಷಗಳನ್ನು. ಕೈಯಲ್ಲಿ ಸುಂದರವಾದ ಸುರುಳಿ ಇದ್ದರೂ ಪಾಲಿಂಗ್ ಬಾಯಿ ಬಿಡಲಿಲ್ಲ. ಯಾಕೆಂದರೆ ಉಣ್ಣೆ 5.1 ಅನ್ನುತ್ತಿತ್ತು, ಕಾಗದ 5.4 ಅನ್ನುತ್ತಿತ್ತು. ಆಂಗ್‌ಸ್ಟ್ರಾಮಿನ ಹತ್ತರಲ್ಲಿ ಮೂರು ಪಾಲಿನ ಆ ವ್ಯತ್ಯಾಸ ಪಾಲಿಂಗರಂಥ ಧೈರ್ಯಸ್ಥರನ್ನೂ ತಡೆದು ನಿಲ್ಲಿಸಿತು. ಅತ್ತ ಕೇಂಬ್ರಿಜ್‌ನಲ್ಲಿ ಕಿರಿಯ ಬ್ರಾಗ್, ಕೆಂಡ್ರೂ, ಪೆರುಟ್ಜ್ ಮೂವರೂ ಇದೇ 5.1ನ್ನು ಕಣ್ಣಿಗೊತ್ತಿಕೊಂಡು 1950ರಲ್ಲಿ ಸಾಧ್ಯವಿರುವ ಸುರುಳಿಗಳ ಪಟ್ಟಿಯನ್ನೇ ಪ್ರಕಟಿಸಿದರು. ಪೆಪ್ಟೈಡ್ ಬಂಧ ಚಪ್ಪಟೆ ಎಂಬುದು ಅವರಿಗೆ ಹೊಳೆದಿರಲಿಲ್ಲ. ಹರಳುಗಳ ಅಭ್ಯಾಸಬಲದಿಂದ ಸುತ್ತೊಂದಕ್ಕೆ ಪೂರ್ಣಸಂಖ್ಯೆಯ ಅಮೈನೋ ಆಮ್ಲಗಳೇ ಇರಬೇಕೆಂದು ನಂಬಿದ್ದರು. ಆ ಪಟ್ಟಿಯಲ್ಲಿ ಒಂದೂ ಸರಿಯಿರಲಿಲ್ಲ. ಅದೇ ಊರಿನ ರಸಾಯನಶಾಸ್ತ್ರ ವಿಭಾಗದ ಅಲೆಕ್ಸಾಂಡರ್ ಟಾಡ್ ಅವರನ್ನು ಒಮ್ಮೆ ಕೇಳಿದ್ದರೆ ಬಂಧದ ವಿಷಯ ತಿಳಿದುಹೋಗುತ್ತಿತ್ತು. ಎರಡು ವಿಭಾಗಗಳ ನಡುವಿನ ದೂರ ಹೆಚ್ಚೇನೂ ಇರಲಿಲ್ಲ.

ಪಾಲಿಂಗರ ಹಿಂಜರಿಕೆ ಕರಗಿದ್ದಕ್ಕೆ ಕೇಂಬ್ರಿಜ್ ಲೇಖನದ ಸ್ಪರ್ಧೆ ಒಂದು ಕಾರಣವಾದರೆ, ಇನ್ನೊಂದು ಕಾರಣ ಮತ್ತೆ ಬಟ್ಟೆಯ ಲೋಕದಿಂದಲೇ ಬಂತು. ರೇಯಾನ್ ತಯಾರಕರಾದ ಕೋರ್ಟೋಲ್ಡ್ಸ್ ಕಂಪನಿಯ ಮೇಡನ್‌ಹೆಡ್ ಪ್ರಯೋಗಾಲಯದವರು ರೇಷ್ಮೆ, ಉಣ್ಣೆಗಳಿಗೆ ಬದಲಿ ಹುಡುಕುತ್ತ ಒಂದೇ ಬಗೆಯ ಅಮೈನೋ ಆಮ್ಲವನ್ನು ಉದ್ದಕ್ಕೂ ಜೋಡಿಸಿ ಕೃತಕ ಪೆಪ್ಟೈಡ್ ಎಳೆಗಳನ್ನು ತೆಗೆದಿದ್ದರು. ಅವುಗಳ ಚಿತ್ರದಲ್ಲಿ 5.1ರ ಆ ಹಟಮಾರಿ ಗುರುತು ಇರಲಿಲ್ಲ, ಅದು 5.4ರ ಸುರುಳಿಗೆ ಹೊಂದುತ್ತಿತ್ತು. 1951ರ ಫೆಬ್ರವರಿ 28ರಂದು, ತಮ್ಮ ಐವತ್ತನೆಯ ಹುಟ್ಟುಹಬ್ಬದ ದಿನ, ಪಾಲಿಂಗ್ ಲೇಖನ ಕಳಿಸಿದರು. ಕೋರಿಯವರ ಜೊತೆಗೆ ಹವರ್ಡ್ ವಿಶ್ವವಿದ್ಯಾಲಯದ ಕರಿಯ ಭೌತವಿಜ್ಞಾನಿ ಹರ್ಮನ್ ಬ್ರಾನ್ಸನ್ ಹೆಸರೂ ಅದರಲ್ಲಿತ್ತು. ಚಪ್ಪಟೆ ಬಂಧದ ಷರತ್ತಿಗೆ ಒಪ್ಪುವ ಸುರುಳಿಗಳು ಎರಡೇ ಎಂದು ಲೆಕ್ಕ ಹಾಕಿ ತೋರಿಸಿದವರು ಬ್ರಾನ್ಸನ್. ತನ್ನ ಪಾಲು ಹೊರಗೆ ತಿಳಿದಿದ್ದಕ್ಕಿಂತ ದೊಡ್ಡದಿತ್ತು ಎಂದು ಅವರು ಬಹಳ ವರ್ಷಗಳ ಮೇಲೆ ಬರೆದದ್ದಕ್ಕೆ ಚರಿತ್ರಕಾರರು ಇನ್ನೂ ಪೂರ್ತಿ ಕಿವಿಗೊಟ್ಟಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಒಂದರ ಮೇಲೊಂದು ಬಂದ ಆ ಲೇಖನಗಳಲ್ಲಿ ಬೀಟಾ ರೂಪದ ನೆರಿಗೆ ಹಾಳೆಯೂ ಇತ್ತು. ಸುರುಳಿಯನ್ನು ಮೊದಲ ಚಿತ್ರದಲ್ಲಿ ಎಡಮುರಿಯಾಗಿ ಬಿಡಿಸಿದ್ದರು. ಪ್ರಕೃತಿಯಲ್ಲಿ ಅದು ಬಲಮುರಿ ಎಂಬುದು ಸ್ವಲ್ಪ ತಡವಾಗಿ ಖಚಿತವಾಯಿತು.

ಅಂದರೂ ಅದು ಆಗ ಕಾಗದದ ಮೇಲಿನ ಮಾದರಿ. ಅದು ನಿಜವಾದದ್ದು ಕುದುರೆಯ ಕೂದಲೊಂದರಿಂದ. ಒಂದು ಶನಿವಾರ ಬೆಳಿಗ್ಗೆ ಗ್ರಂಥಾಲಯದಲ್ಲಿ ಆ ಲೇಖನಗಳನ್ನು ಓದಿದ ಮ್ಯಾಕ್ಸ್ ಪೆರುಟ್ಜ್ ತಮ್ಮ ಮೇಲೆ ತಾವೇ ಸಿಟ್ಟಾಗಿ ಊಟಕ್ಕೆ ಮನೆಗೆ ಹೋದರು. ಸುರುಳಿ ನಿಜವಾದರೆ, ಅದರ ಅಕ್ಷದ ಮೇಲೆ ಪ್ರತಿ ಅಮೈನೋ ಆಮ್ಲವೂ ಹಿಂದಿನದಕ್ಕಿಂತ 1.5 ಆಂಗ್‌ಸ್ಟ್ರಾಮ್ ಮೇಲೇರಬೇಕು. ಹಾಗಿದ್ದರೆ ಫಿಲ್ಮಿನ ಮೇಲೆ ಆ ಅಳತೆಯ ಒಂದು ಚುಕ್ಕೆ ಬೀಳಲೇಬೇಕು. ಇಪ್ಪತ್ತು ವರ್ಷಗಳಿಂದ ಕೂದಲಿನ ಚಿತ್ರ ತೆಗೆಯುತ್ತಿದ್ದ ಆಸ್ಟ್‌ಬರಿ ಅದನ್ನು ಯಾಕೆ ನೋಡಲಿಲ್ಲ? ಅವರು ಎಳೆಯನ್ನು ಕಿರಣಕ್ಕೆ ನೇರ ಅಡ್ಡವಾಗಿ ಹಿಡಿದು ಹಿಂದೆ ಚಪ್ಪಟೆ ಫಿಲ್ಮ್ ಇಡುತ್ತಿದ್ದರು. ಆ ಕೋನದಲ್ಲಿ 1.5ರ ಚುಕ್ಕೆ ಹುಟ್ಟುವುದೇ ಇಲ್ಲ, ಹುಟ್ಟಿದರೂ ಅಷ್ಟು ಚಿಕ್ಕ ಫಿಲ್ಮಿನ ಆಚೆ ಬೀಳುತ್ತದೆ. ಪೆರುಟ್ಜ್ ಪ್ರಯೋಗಾಲಯಕ್ಕೆ ಮರಳಿ, ಖಾನೆಯಲ್ಲಿದ್ದ ಕುದುರೆಗೂದಲನ್ನು 31 ಡಿಗ್ರಿ ವಾಲಿಸಿ, ಸುತ್ತಲೂ ಕೊಳವೆಯಾಕಾರದ ಫಿಲ್ಮ್ ಕಟ್ಟಿ ಕಿರಣ ಬಿಟ್ಟರು. ಒಂದೆರಡು ಗಂಟೆಯಲ್ಲಿ ಚುಕ್ಕೆ ಬಿತ್ತು, ಹೇಳಿದ ಜಾಗದಲ್ಲೇ. ಮುಳ್ಳುಹಂದಿಯ ಮುಳ್ಳು, ಕೋರ್ಟೋಲ್ಡ್ಸ್‌ನವರ ಕೃತಕ ಎಳೆ, ರಕ್ತದ ಹಿಮೋಗ್ಲೋಬಿನ್, ಎಲ್ಲದರಲ್ಲೂ ಅದೇ ಚುಕ್ಕೆ ಸಿಕ್ಕಿತು. ಬ್ರಾಗ್, ಕೆಂಡ್ರೂ ಮತ್ತು ಪೆರುಟ್ಜರ ಸ್ವಂತ ಪಟ್ಟಿಯನ್ನು ಈ ಒಂದು ಚುಕ್ಕೆ ಅಳಿಸಿಹಾಕಿತು. ಹಾಗೆ ಅಳಿಸಿಹಾಕುವ ಪ್ರಯೋಗವನ್ನು ಆ ಪಟ್ಟಿಯ ಲೇಖಕರೊಬ್ಬರೇ ಮಾಡಿದ್ದು ವಿಜ್ಞಾನದ ಚರಿತ್ರೆಯಲ್ಲಿ ಪದೇ ಪದೇ ಕಾಣಸಿಗುವ ಸಂಗತಿಯಲ್ಲ.

ಹಾಗಾದರೆ 5.1 ಎಲ್ಲಿಂದ ಬಂತು? ಕೂದಲಿನಲ್ಲಿ ಆಲ್ಫಾ ಸುರುಳಿಗಳು ನೆಟ್ಟಗೆ ನಿಂತಿರುವುದಿಲ್ಲ. ಹಗ್ಗದ ಎಳೆಗಳ ಹಾಗೆ ಒಂದರ ಸುತ್ತ ಒಂದು ಹುರಿಗೊಂಡಿರುತ್ತವೆ. ಸುರುಳಿ ಓರೆಯಾದಾಗ ಅದರ 5.4ರ ಎತ್ತರ ಎಳೆಯ ಉದ್ದಕ್ಕೆ ಅಳೆದರೆ 5.1 ಆಗಿ ಕಾಣುತ್ತದೆ. 1952–53ರಲ್ಲಿ ಫ್ರಾನ್ಸಿಸ್ ಕ್ರಿಕ್ ಒಂದು ಕಡೆ, ಪಾಲಿಂಗ್ ಮತ್ತು ಕೋರಿ ಇನ್ನೊಂದು ಕಡೆ ಈ ಉತ್ತರಕ್ಕೆ ಬಂದರು. ಆಸ್ಟ್‌ಬರಿಯ ಅಳತೆ ತಪ್ಪಿರಲಿಲ್ಲ ಎಂದಾಯಿತು. ತಪ್ಪಿದ್ದು ಆ ಅಂಕಿ ಒಂಟಿ ಸರಪಳಿಯದು ಎಂದುಕೊಂಡವರ ಓದು. ಪಾಲಿಂಗ್ ಎಳೆಯನ್ನು ಕಡೆಗಣಿಸಿ ಗೆದ್ದರು ಎಂಬ ಆಕ್ಷೇಪಕ್ಕೆ ನನ್ನ ಉತ್ತರ ಇದರಲ್ಲಿದೆ. ಅವರು ಕಡೆಗಣಿಸಬೇಕಾಗಿ ಬಂದದ್ದು ಎಳೆಯ ಸಾಕ್ಷ್ಯವನ್ನಲ್ಲ, ಅದರ ಮೇಲೆ ಕಟ್ಟಿದ್ದ ಆತುರದ ಅರ್ಥವನ್ನು. ಕೋರಿ ಅಳೆದ ಬಂಧಗಳಿಲ್ಲದೆ ಸುರುಳಿ ಸಿಗುತ್ತಿರಲಿಲ್ಲ, ಒಪ್ಪೋಣ. ಆದರೆ ಹುಡುಕಬೇಕಾದದ್ದು ಒಂದಿದೆ ಎಂದು ತೋರಿಸಿದ್ದೂ, ಸಿಕ್ಕಿದ್ದು ಅದೇ ಎಂದು ದೃಢಪಡಿಸಿದ್ದೂ ಕೂದಲು.

ಇನ್ನೊಂದು ಮಾತನ್ನೂ ಒಪ್ಪಬೇಕು. ಎಳೆಗಳ ಸಹವಾಸ ಒಂದು ಕೆಟ್ಟ ಅಭ್ಯಾಸವನ್ನೂ ಕಲಿಸಿತ್ತು. ಎಳೆಯಲ್ಲಿ ಎಲ್ಲವೂ ಉದ್ದಕ್ಕೂ ಒಂದೇ ರೀತಿ, ಹಾಗಾಗಿ ಗುಂಡು ಪ್ರೋಟೀನಿನೊಳಗೂ ಅಂಥದೇ ಶಿಸ್ತು ಇದ್ದೀತೆಂದು ಆ ಪೀಳಿಗೆಯವರೆಲ್ಲ ನಿರೀಕ್ಷಿಸಿದ್ದರು. ಪ್ರಾಥಮಿಕ, ದ್ವಿತೀಯಕ, ತೃತೀಯಕ ಎಂಬ ವಿಂಗಡಣೆಯನ್ನು 1951ರ ಸ್ಟಾನ್‌ಫರ್ಡ್ ಉಪನ್ಯಾಸಗಳಲ್ಲಿ ಮಂಡಿಸಿದವರು ಕೋಪನ್‌ಹೇಗನ್ನಿನ ಲಿಂಡರ್‌ಸ್ಟ್ರೋಮ್-ಲಾಂಗ್; ಬಿಯರ್ ಕಂಪನಿ ಕಾರ್ಲ್ಸ್‌ಬರ್ಗ್ 1875ರಲ್ಲಿ ಸ್ಥಾಪಿಸಿದ ಪ್ರಯೋಗಾಲಯದ ಮುಖ್ಯಸ್ಥರಲ್ಲಿ ಅವರೂ ಒಬ್ಬರು. ಅವರ ಕೆಲಸವೆಲ್ಲ ಕರಗುವ ಪ್ರೋಟೀನುಗಳ ಮೇಲೆ. ಮಡಿಕೆಯನ್ನು ಒಂದೇ ಹಂತವಾಗಿ ನೋಡದೆ, ಸುರುಳಿ ಬೇರೆ, ಸುರುಳಿಗಳು ಕೂಡಿ ಗುಂಡಗಾಗುವುದು ಬೇರೆ ಎಂದು ಬಿಡಿಸಿ ನೋಡುವ ಅಗತ್ಯ ಅವರಿಗೆ ಕಂಡದ್ದು ಸಹಜ. ತಿಮಿಂಗಿಲದ ಮಯೋಗ್ಲೋಬಿನ್ನಿನ ಮೊದಲ ಒರಟು ಚಿತ್ರವನ್ನು ಕೆಂಡ್ರೂ 1958ರಲ್ಲಿ ಕೊಟ್ಟಾಗ ಅದು ಯಾವ ಸಮರೂಪತೆಯೂ ಇಲ್ಲದೆ ಕರುಳಿನಂತೆ ಸುತ್ತಿಕೊಂಡಿತ್ತು. ನೋಡಿದವರಿಗೆ ನಿರಾಶೆಯೇ ಆಯಿತು. ಎರಡು ವರ್ಷದ ನಂತರದ ಸ್ಪಷ್ಟ ಚಿತ್ರದಲ್ಲಿ ಆ ಕರುಳಿನ ಮುಕ್ಕಾಲು ಪಾಲು ಬಲಮುರಿ ಆಲ್ಫಾ ಸುರುಳಿಯೇ ಎಂದು ಕಂಡಿತು. ದ್ವಿತೀಯಕ ರಚನೆ ಎಳೆಯಿಂದ ಬಂದ ಜ್ಞಾನವಾಗಿಯೇ ಉಳಿಯಿತು, ತೃತೀಯಕವನ್ನು ಎಳೆ ಕಲಿಸಲಾರದು ಎಂಬುದೂ ಗೊತ್ತಾಯಿತು. ನನ್ನ ವಾದದ ಗಡಿ ಅಲ್ಲಿಗೆ ನಿಲ್ಲುತ್ತದೆ.

ವ್ಯಾಪಾರಕ್ಕೆ ಇದರಿಂದ ಏನು ಸಿಕ್ಕಿತು ಎಂದು ಕೇಳಿದರೆ ಹೇಳಿಕೊಳ್ಳುವಂಥದ್ದು ಕಡಿಮೆ. ಉಣ್ಣೆ ಗಿರಣಿಗಳನ್ನು ನೈಲಾನಿನಿಂದ ಸುರುಳಿ ಉಳಿಸಲಿಲ್ಲ, ಆರ್ಡಿಲ್ ಮುಳುಗಿತು, ಕೋರ್ಟೋಲ್ಡ್ಸ್‌ನವರ ಕೃತಕ ಪೆಪ್ಟೈಡ್ ಅಂಗಡಿಯ ರೇಷ್ಮೆಯಾಗಲಿಲ್ಲ. ದುಡ್ಡು ಹಾಕಿದವರಿಗೆ ಬಾರದ ಲಾಭ ಬೇರೆಯವರಿಗೆ ಬಂತು. ಅದರಲ್ಲಿ ಒಂದು ಪಾಲು ಮದರಾಸಿಗೆ ಸಿಕ್ಕಿತು, ಅಲ್ಲಿಯೂ ಕಾರಣವಾದದ್ದು ಒಂದು ಉದ್ಯಮ, ಚರ್ಮ ಹದ ಮಾಡುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿ, ಬಳಿಕ ಕೇಂಬ್ರಿಜ್‌ನಲ್ಲಿ ಹರಳುಗಳನ್ನು ಅಭ್ಯಾಸ ಮಾಡಿದ ಜಿ. ಎನ್. ರಾಮಚಂದ್ರನ್ 1952ರಲ್ಲಿ ಮದರಾಸು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಆ ಹೊತ್ತಿಗೆ ಅಲ್ಲಿಗೆ ಬಂದಿದ್ದ ಜೆ. ಡಿ. ಬರ್ನಾಲ್ ಚರ್ಮ, ಸ್ನಾಯುರಜ್ಜುಗಳ ಪ್ರೋಟೀನಾದ ಕೊಲಾಜೆನ್ನಿನ ರಚನೆ ಇನ್ನೂ ಬಿಡಿಸದ ಒಗಟು ಎಂದರಂತೆ. ಪಾಲಿಂಗರೂ 1951ರಲ್ಲಿ ಅದಕ್ಕೊಂದು ರಚನೆ ಸೂಚಿಸಿ ಎಡವಿದ್ದರು. ಅಡ್ಯಾರಿನಲ್ಲಿದ್ದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಿಂದ ಕಾಂಗರೂ ಬಾಲದ ಸ್ನಾಯುರಜ್ಜು ದೊರಕಿತು, ಅದರ ಚಿತ್ರ ಬಲು ಸ್ಪಷ್ಟವಾಗಿ ಬಂತು. ಕೊಲಾಜೆನ್ನಿನಲ್ಲಿ ಸುಮಾರು ಮೂರರಲ್ಲೊಂದು ಅಮೈನೋ ಆಮ್ಲ ಗ್ಲೈಸೀನ್ ಎಂಬುದು ಮೊದಲೇ ತಿಳಿದಿತ್ತು. ಮೂರು ಸರಪಳಿಗಳು ಒಂದಕ್ಕೊಂದು ಅಂಟಿ ನಡೆದರೆ ನಡುವೆ ಉಳಿಯುವ ಇಕ್ಕಟ್ಟಿನಲ್ಲಿ ಕೂರಬಲ್ಲದ್ದು ಕವಲೇ ಇಲ್ಲದ ಗ್ಲೈಸೀನ್ ಒಂದೇ ಎಂಬ ತರ್ಕದಿಂದ ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ 1954ರಲ್ಲಿ ಮೂರೆಳೆಯ ರಚನೆಯನ್ನು ಪ್ರಕಟಿಸಿದರು; 1955ರಲ್ಲಿ ಮೂರೂ ಸರಪಳಿಗಳನ್ನು ಪರಸ್ಪರ ಹುರಿಗೊಳಿಸಿ ತಿದ್ದಿದರು.

ಅದೇ ವರ್ಷ ಕೇಂಬ್ರಿಜ್‌ನಿಂದ ರಿಚ್ ಮತ್ತು ಕ್ರಿಕ್ ತಕರಾರು ತೆಗೆದರು. ಮೂರೆಳೆಯನ್ನು ಒಪ್ಪಿದರು, ಆದರೆ ಪ್ರತಿ ಮೂರು ಅಮೈನೋ ಆಮ್ಲಕ್ಕೆ ಎರಡು ಜಲಜನಕ ಬಂಧ ಇರುವ ಮದರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಇರಬಾರದಷ್ಟು ಹತ್ತಿರ ಬರುತ್ತವೆ, ಒಂದೇ ಬಂಧ ಸಾಧ್ಯ ಎಂದರು. ಬಂಧದ ಲೆಕ್ಕದಲ್ಲಿ ಅವರದೇ ಸರಿ ಎಂದು ಮುಂದೆ ಸ್ಥಿರಪಟ್ಟಿತು. ಇದನ್ನು ಹೇಳಿ ರಾಮಚಂದ್ರನ್ನರ ಪಾಲನ್ನು ಚಿಕ್ಕದು ಮಾಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ಮೂರೆಳೆ ಮೊದಲು ಕಂಡದ್ದು ಮದರಾಸಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಆ ತಕರಾರಿಗೆ ಅವರು ಕೊಟ್ಟ ಪ್ರತಿಕ್ರಿಯೆ ತಕರಾರಿಗಿಂತ ದೊಡ್ಡದಾಗಿತ್ತು. ಇರಬಾರದಷ್ಟು ಹತ್ತಿರ ಎಂದರೆ ಎಷ್ಟು ಹತ್ತಿರ? ಆಗ ಎಲ್ಲರೂ ರೂಢಿಯ ಅಂದಾಜುಗಳನ್ನೇ ಬಳಸುತ್ತಿದ್ದರು. ರಾಮಚಂದ್ರನ್ ಮತ್ತು ಶಶಿಶೇಖರನ್ ಆವರೆಗೆ ಪ್ರಕಟವಾಗಿದ್ದ ಹರಳುಗಳ ರಚನೆಗಳನ್ನು ಜಾಲಾಡಿ, ಬಂಧವಿಲ್ಲದ ಎರಡು ಪರಮಾಣುಗಳು ನಿಜವಾಗಿ ಎಷ್ಟು ಸಮೀಪಕ್ಕೆ ಬರುತ್ತವೆ ಎಂಬುದಕ್ಕೆ ಎರಡು ಮಿತಿಗಳನ್ನು ಗೊತ್ತುಮಾಡಿದರು, ಒಂದು ಸಾಮಾನ್ಯ ಮಿತಿ, ಇನ್ನೊಂದು ಅದನ್ನೂ ಮೀರಿದ ಕಡೆಯ ಮಿತಿ. ಅಳತೆಗೋಲು ಕೈಗೆ ಬಂದ ಮೇಲೆ ಕೊಲಾಜೆನ್ನಿಗಷ್ಟೇ ಅದನ್ನು ಹಿಡಿಯುವುದೇಕೆ? ಪಾಲಿಂಗರ ಚಪ್ಪಟೆ ತುಂಡುಗಳ ನಡುವಿನ ಎರಡು ಕೀಲುಗಳನ್ನು ಎಲ್ಲ ಕೋನಗಳಿಗೂ ತಿರುಗಿಸಿ, ಯಾವ ಜೋಡಿ ಕೋನದಲ್ಲಿ ಪರಮಾಣುಗಳು ಡಿಕ್ಕಿ ಹೊಡೆಯುತ್ತವೆ, ಯಾವುದರಲ್ಲಿ ಇಲ್ಲ ಎಂದು ಲೆಕ್ಕ ಹಾಕಿದರು. ರಾಮಕೃಷ್ಣನ್ ಅವರನ್ನೂ ಸೇರಿಸಿಕೊಂಡು ಮೂವರ ಹೆಸರಿನಲ್ಲಿ 1963ರಲ್ಲಿ ಪ್ರಕಟವಾದ ಆ ಪುಟ್ಟ ಚೌಕದಲ್ಲಿ ಸುಮಾರು ಮುಕ್ಕಾಲು ಜಾಗ ನಿಷಿದ್ಧ. ಉಳಿದ ಚಿಕ್ಕ ದ್ವೀಪಗಳಲ್ಲಿ ಒಂದರಲ್ಲಿ ಬಲಮುರಿ ಆಲ್ಫಾ ಸುರುಳಿ, ಇನ್ನೊಂದರಲ್ಲಿ ಬೀಟಾ ಹಾಳೆಯೂ ಕೊಲಾಜೆನ್ನೂ ಬಿದ್ದವು. ಉಣ್ಣೆ, ರೇಷ್ಮೆ, ತೊಗಲು ಮೂರೂ ಒಂದೇ ಹಾಳೆಯ ಮೇಲೆ ಬಂದು ಕುಳಿತವು.

ಆ ನಕ್ಷೆಯಲ್ಲಿ ಎಳೆಯೇ ಇಲ್ಲ, ಅದು ಬರೀ ಲೆಕ್ಕ ಎಂದು ಕೊನೆಯದಾಗಿ ಆಕ್ಷೇಪಿಸಬಹುದು. ಲೆಕ್ಕದ ಅಗತ್ಯ ಬಿದ್ದದ್ದು ಕಾಂಗರೂ ಬಾಲದ ಮೇಲಿನ ಜಗಳದಿಂದ ಎಂಬುದನ್ನು ಮರೆತರೆ ಮಾತ್ರ ಆ ಆಕ್ಷೇಪ ನಿಲ್ಲುತ್ತದೆ. 1971ರಲ್ಲಿ ರಾಮಚಂದ್ರನ್ ಬೆಂಗಳೂರಿಗೆ ಮರಳಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೈವಿಕ ಭೌತಶಾಸ್ತ್ರ ಘಟಕವನ್ನು ಕಟ್ಟಿದರು. ಶಶಿಶೇಖರನ್, ರಾಮಕೃಷ್ಣನ್ ಅವರೂ ಅಲ್ಲಿಗೆ ಬಂದರು. ಜಗತ್ತಿನಲ್ಲಿ ಎಲ್ಲಿಯಾದರೂ ಹೊಸ ಪ್ರೋಟೀನಿನ ರಚನೆ ಬಿಡಿಸಿದವರು ಇವತ್ತು ಅದರ ಒಂದೊಂದು ಕೀಲನ್ನೂ ಆ ನಕ್ಷೆಯ ಮೇಲೆ ಚುಕ್ಕೆಯಾಗಿ ಇಟ್ಟು ನೋಡುತ್ತಾರೆ. ಚುಕ್ಕೆಗಳು ನಿಷಿದ್ಧ ಜಾಗದಲ್ಲಿ ಹೆಚ್ಚಾಗಿ ಬಿದ್ದರೆ, ಅನುಮಾನ ಮೊದಲು ಹೋಗುವುದು ಬಿಡಿಸಿದವರ ರಚನೆಯ ಮೇಲೆ.